ಹಲೋಗೆ ಮುಂಚಿನ ಉಸಿರು

ವೇದವತಿಯ ಕೆಲಸ ನೆಲಮಾಳಿಗೆಯಲ್ಲಿ. ವಿಶ್ವವಿದ್ಯಾಲಯ ಮಾತ್ರ ಗುಡ್ಡದ ಮೇಲೆ, ಕ್ಯಾಲಿಫೋರ್ನಿಯಾದ ಈಸ್ಟ್ ಬೇ ಕಡೆ, ಕಿಟಕಿ ಇದ್ದವರಿಗೆ ಕೊಲ್ಲಿಯೂ ಸೇತುವೆಯೂ ಕಾಣುವ ಎತ್ತರದಲ್ಲಿ. ಟೆಲಿಫೋನ್ ಆಪರೇಟರುಗಳಿಗೆ ಕಿಟಕಿ ಕೊಡುವ ಪದ್ಧತಿ ಅಲ್ಲಿರಲಿಲ್ಲ. ಬಾಯ್ಲರ್ ರೂಮಿನ ಪಕ್ಕದ ಕೋಣೆ, ಎರಡು ಕುರ್ಚಿ, ಎದುರಿಗೆ ಗುಂಡಿಗಳೂ ಮಿಣುಕು ದೀಪಗಳೂ ತುಂಬಿದ ಬೋರ್ಡು, ಗೋಡೆಯಾಚೆ ದಿನವಿಡೀ ಗುರ್ ಎನ್ನುವ ಪೈಪುಗಳು. "ಅಲ್ಲಿ ಕೂತು ಕೂತು ಬೋರ್ ಆಗಲ್ವೇನ್ರೀ?" ಎಂದು ಕನ್ನಡ ಕೂಟದ ಹೆಂಗಸರು ಕೇಳಿದರೆ, "ಬೋರ್ಡ್ ಇರೋ ತನಕ ಬೋರೂ ಇರುತ್ತೆ, ಏನ್ಮಾಡೋದು" ಎನ್ನುತ್ತಿದ್ದಳು. ಈ ಜೋಕನ್ನು ವರ್ಷಕ್ಕೆ ಎರಡು ಮೂರು ಸಲ ಹೇಳುವಳು, ನಾವೂ ಪ್ರತಿ ಸಲ ಹೊಸದಾಗಿ ಕೇಳಿದವರಂತೆ ನಗುವೆವು. 1986ರ ಫೆಬ್ರವರಿಯ ಮೇಲೆ ಅವಳು ಅದನ್ನು ಹೇಳಿದ್ದು ನನಗೆ ನೆನಪಿಲ್ಲ.

ಹುಟ್ಟಿದ್ದು ಬೆಂಗಳೂರಿನ ಚಾಮರಾಜಪೇಟೆ, ಓದಿದ್ದು ಕಾನ್ವೆಂಟು. ಸಿಸ್ಟರುಗಳು ನಮ್ಮಂಥವರಿಗೆ ಕಲಿಸಿದ್ದರಲ್ಲಿ ಪ್ರಾರ್ಥನೆ ಮರೆತುಹೋಗುತ್ತೆ, ಉಚ್ಚಾರಣೆ ಉಳಿಯುತ್ತೆ. ಆ ಉಚ್ಚಾರಣೆಯ ಬಲದಿಂದ ವೇದವತಿಗೆ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ಆಗೆಲ್ಲ ಒಂದೂರಿಂದ ಇನ್ನೊಂದೂರಿಗೆ ಮಾತಾಡಬೇಕೆಂದರೆ ಕಾಲ್ ಬುಕ್ ಮಾಡಿ, ಅರ್ಧ ದಿನ ಕಾದು, ಲೈನು ಸಿಕ್ಕ ಕೂಡಲೇ ಬೀದಿಗೆಲ್ಲ ಕೇಳುವ ಹಾಗೆ ಕಿರುಚಬೇಕಿತ್ತು. ಕಿರುಚುವ ಮುಂಚೆ ಊದಬೇಕಿತ್ತು. ಲೈನಿನಲ್ಲಿ ಜೀವ ಇದೆಯೋ ಇಲ್ಲವೋ ಎಂದು, ಸೌದೆ ಒಲೆ ಊದುವ ಹಾಗೆ ರಿಸೀವರಿಗೆ ಫೂ ಫೂ. ಊದಿದರೆ ತಂತಿ ಬೆಚ್ಚಗಾಗಿ ಮಾತು ಸಲೀಸಾಗಿ ಹೋಗುತ್ತೆ ಅಂತ ನಮ್ಮ ಗಂಡಸರ ನಂಬಿಕೆ. ಪಾಪ, ಇಡೀ ದೇಶದ ಆ ಗಾಳಿಯೆಲ್ಲ ಹೋಗಿ ಸೇರುತ್ತಿದ್ದುದು ಆಪರೇಟರ್ ಹುಡುಗಿಯರ ಕಿವಿಗೆ.

ಅದರಲ್ಲಿ ಒಂದು ಊದು ಪ್ರತಿ ಭಾನುವಾರ ಪುಣೆಯಿಂದ ಬರುತ್ತಿತ್ತು. ಎರಡು ಗಿಡ್ಡ, ಒಂದು ಉದ್ದ, ಆಮೇಲೆ ಒಂದು ಕ್ಷಣ ನಾಚಿಕೆಯ ಮೌನ. ಗುರುಪ್ರಸಾದ ಎಂಬ ಟ್ರೇನಿ ಎಂಜಿನಿಯರು, ಬಸವನಗುಡಿಯ ತಾಯಿಗೆ ಪಿ.ಪಿ. ಕಾಲ್, ಎಂದರೆ ಹೆಸರು ಹೇಳಿ ಕರೆಸುವ ಕಾಲ್, ಮಾಡುತ್ತಿದ್ದ. ಫೋನಿದ್ದ ಪಕ್ಕದ ಮನೆಯವರು ತಾಯಿಯನ್ನು ಕರೆತರುವ ತನಕ ಆಪರೇಟರ್ ಜೊತೆ ಮಾತು. ಆ ಪಿ.ಪಿ. ಕಾಲೇ ಕೊನೆಗೆ ಮದುವೆ ಮನೆಯ ಪೀಪಿಯಾಗಿ ಊದಿತು. ಮಾತುಕತೆಯಲ್ಲಿ ಹುಡುಗನ ಬಣ್ಣ 'ಎಣ್ಣೆಗೆಂಪು' ಎಂದು ಅವನ ತಾಯಿ ಹೇಳಿದ್ದರಂತೆ. ಮಂಟಪದಲ್ಲಿ ನೋಡಿದರೆ ಎಣ್ಣೆ ಇತ್ತು, ಕೆಂಪು ಹುಡುಕಬೇಕಿತ್ತು. ವೇದವತಿಗೆ ಅದು ಬೇಕಾಗಿಯೂ ಇರಲಿಲ್ಲ. ಅವಳು ಮದುವೆಯಾಗಿದ್ದು ಉಸಿರನ್ನು.

ಅಮೆರಿಕಕ್ಕೆ ಬಂದು ಫ್ರೀಮಾಂಟಿನಲ್ಲಿ ಮನೆ ಮಾಡಿದರು. ಗುರುಪ್ರಸಾದನಿಗೆ ಮಿಲ್ಪಿಟಾಸ್‌ನಲ್ಲೊಂದು ಎಲೆಕ್ಟ್ರಾನಿಕ್ಸ್ ಕಂಪನಿಯ ಕೆಲಸ. ಮಗಳ ಹೆಸರು ಇಂದು. ಅಮ್ಮ ಕೆಲಸ ಮಾಡುವ ಕ್ಯಾಂಪಸ್ಸಿನಲ್ಲೇ ಎರಡನೇ ವರ್ಷದ ಓದು. 1986ರ ಮೇ ತಿಂಗಳಲ್ಲಿ ಅವಳ ಭರತನಾಟ್ಯದ ಅರಂಗೇಟ್ರಂ ಎಂದು ಅಪ್ಪ ಹಾಲ್ ಹಿಡಿದಾಗಿತ್ತು, ಕರೆಯಬೇಕಾದವರನ್ನೆಲ್ಲ ಬಾಯಲ್ಲಿ ಕರೆದಾಗಿತ್ತು.

ಬೋರ್ಡಿನ ಎರಡನೆಯ ಕುರ್ಚಿ ಲೊರೇನ್ ಟಿಬ್ಸ್‌ಳದು. ಓಕ್‌ಲ್ಯಾಂಡಿನ ಕಪ್ಪು ಹೆಂಗಸು, ವಯಸ್ಸಿನಲ್ಲಿ ವೇದವತಿಗಿಂತ ಸ್ವಲ್ಪ ಹಿರಿಯಳು. ಅವಳ ತಾಯಿ ಎರಡನೇ ಮಹಾಯುದ್ಧದ ಕಾಲದಲ್ಲಿ ಲೂಸಿಯಾನಾದಿಂದ ಬಂದು ರಿಚ್ಮಂಡಿನಲ್ಲಿ ಹಡಗುಗಳಿಗೆ ವೆಲ್ಡಿಂಗ್ ಮಾಡಿದವಳು. ವೇದವತಿ ಮನೆಯ ಮಾವಿನ ಉಪ್ಪಿನಕಾಯಿಯನ್ನು ಲೊರೇನ್ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು, ಮೂಗು ಒರೆಸಿಕೊಳ್ಳುತ್ತ, "ನಿನ್ನ ಗಂಡ ಬದುಕಿರೋದೇ ಆಶ್ಚರ್ಯ ಕಣೇ" ಎನ್ನುತ್ತಿದ್ದಳು. ಇಂದು ಚಿಕ್ಕವಳಿದ್ದಾಗ ಜ್ವರ ಬಂದರೆ ಬೋರ್ಡಿನ ಹಿಂದಿನ ಬೆಂಚಿನ ಮೇಲೆ ಲೊರೇನಳ ಕೋಟು ಹೊದ್ದು ಮಲಗುತ್ತಿದ್ದಳು.

ಫೆಬ್ರವರಿ ಬಂತೆಂದರೆ ಕ್ಯಾಂಪಸ್ಸಿನಲ್ಲಿ ಕಪ್ಪು ಜನರ ಚರಿತ್ರೆಯ ತಿಂಗಳು. ಅಲ್ಲಿಯವರೆಗೆ ಪ್ರೊಫೆಸರುಗಳು ಭಾಷಣ ಮಾಡುತ್ತಿದ್ದರು, ಹುಡುಗರು ಪೋಸ್ಟರ್ ಅಂಟಿಸುತ್ತಿದ್ದರು. ಆ ವರ್ಷ ಮೊದಲ ಬಾರಿಗೆ ಅಡಿಗೆಯವರು, ಕಸ ಗುಡಿಸುವವರು, ಆಪರೇಟರುಗಳು, ಎಲ್ಲ ನೌಕರರೂ ಸೇರಿ ನಡೆಸುವುದೆಂದಾಯಿತು. ಲೊರೇನ್ ಮುಂದಾಳು. ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ದೊಡ್ಡ ಹಾಲಿನಲ್ಲಿ ಅವಳ ಚರ್ಚಿನ ಹೆಂಗಸರ ಹಾಡು, ಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಅವಳ ತಾಯಿಯ ವೆಲ್ಡಿಂಗ್ ಮುಖವಾಡ, ಆಮೇಲೆ ವಿದ್ಯಾರ್ಥಿಗಳ ಕಾಂಗೋ ಕುಣಿತ. ಆ ಕುಣಿತದ ಮುಂದಿನ ಸಾಲಿನಲ್ಲಿ, ತನ್ನ ಭರತನಾಟ್ಯದ ಗೆಜ್ಜೆಯನ್ನೇ ಕಟ್ಟಿಕೊಂಡು, ಇಂದು. ಡೋಲು ಬಾರಿಸುವವನು ಡೆರಿಕ್ ಎಂಬ ಎತ್ತರದ ಹುಡುಗ. ಪ್ರಾಕ್ಟೀಸ್ ಮುಗಿದ ಮೇಲೆ ಅವಳನ್ನು ಫ್ರೀಮಾಂಟಿನ ಮನೆ ಬಾಗಿಲಿಗೆ ತಂದು ಬಿಡುವವನೂ ಅವನೇ.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬೋರ್ಡಿಗೆ ಯಾವಾಗಲೂ ಲೊರೇನ್ ಒಬ್ಬಳೇ. ಅದು ನಮ್ಮೆಲ್ಲರ ಮನೆಗೂ ಗೊತ್ತಿದ್ದ ವಿಷಯ, ಆ ಹೊತ್ತಿನಲ್ಲಿ ವೇದವತಿಗೆ ಫೋನ್ ಮಾಡಿದರೆ ಸಿಗುತ್ತಿರಲಿಲ್ಲ. ಕಾರ್ಯಕ್ರಮದ ಹಿಂದಿನ ವಾರ ಒಂದು ದಿನ ಮಾತ್ರ ಹಾಡಿನ ಅಭ್ಯಾಸಕ್ಕೆಂದು ಲೊರೇನ್ ಹೋದಳು, ವೇದವತಿ ಕೂತಳು. ದೀಪ ಮಿಣುಕಿತು. ಅವಳು ತನ್ನ ಇಂಗ್ಲಿಷ್ ದನಿಯಲ್ಲಿ ಗುಡ್ ಆಫ್ಟರ್‌ನೂನ್ ಎಂದಳು. ಸಿಸ್ಟರುಗಳ ಉಚ್ಚಾರಣೆಗೆ ಕ್ಯಾಲಿಫೋರ್ನಿಯಾದ ಪಾಲಿಶ್ ಕೊಟ್ಟ ಆ ದನಿಯನ್ನು ಮನೆಯವರು ಯಾರೂ ಕೇಳಿದವರಲ್ಲ.

ಆ ಕಡೆಯಿಂದ ಊದಿದರು. ಎರಡು ಗಿಡ್ಡ, ಒಂದು ಉದ್ದ.

ಆಮೇಲೆ ಬಾಯಿಗೆ ಬಟ್ಟೆ ಅಡ್ಡ ಹಿಡಿದ ದನಿ, ಟೀವಿಯ ಕೌಬಾಯ್‌ಗಳಿಂದ ಎರವಲು ತಂದ ಇಂಗ್ಲಿಷು: "ಮುಂದಿನ ಶನಿವಾರ ಆ ಕರಿಯರ ಕಾರ್ಯಕ್ರಮ ನಡೆದರೆ, ಹಾಲ್ ಇರಲ್ಲ. ಬಾಂಬ್." ಲೈನ್ ಹೋಯಿತು.

ಎದುರಿನ ಸಣ್ಣ ದೀಪಗಳೆಲ್ಲ ಒಂದಾದಮೇಲೊಂದು ಮಿಣುಕುತ್ತಿದ್ದವು. ವೇದವತಿ ಯಾವುದನ್ನೂ ಮುಟ್ಟಲಿಲ್ಲ. ಇದನ್ನೆಲ್ಲ ಅವಳೇ ಆಮೇಲೆ ನನಗೆ ಹೇಳಿದಳು. ಅಮೆರಿಕನ್ನರು ಫೋನಿಗೆ ಊದುವುದಿಲ್ಲ. ಇಷ್ಟು ವರ್ಷದಲ್ಲಿ ಆ ಬೋರ್ಡಿನಲ್ಲಿ ಒಬ್ಬನೇ ಒಬ್ಬ ಅಮೆರಿಕನ್ ಊದಿದ್ದಿಲ್ಲ.

ಕ್ಯಾಂಪಸ್ ಪೊಲೀಸಿನ ಆಫೀಸರ್ ಸಿಲ್ವೇರಾ ಬಂದ. ಹೊಟ್ಟೆ ದೊಡ್ಡದು, ದನಿ ಮೆತ್ತಗೆ.

"ಗಂಡಸಾ, ಹೆಂಗಸಾ?"

"ಗಂಡಸು. ಬಾಯಿಗೆ ಬಟ್ಟೆ."

"ಇನ್ನೇನಾದ್ರೂ? ಹಿಂದೆ ಸದ್ದು, ಏನಾದ್ರೂ ವಿಚಿತ್ರ ಅಭ್ಯಾಸ? ಯೋಚನೆ ಮಾಡಿ, ಮ್ಯಾಮ್."

"ಇಲ್ಲ," ಎಂದಳು.

ನಮ್ಮ ಗಂಡಸರೆಲ್ಲ ಊದುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಗುಜರಾತಿಗಳೂ ಊದುತ್ತಾರೆ, ಪಂಜಾಬಿಗಳೂ ಊದುತ್ತಾರೆ. ಎರಡು ಗಿಡ್ಡ ಒಂದು ಉದ್ದ ಎಂಬುದು ಯಾರದೇನು ಪೇಟೆಂಟೇ?

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳು ಫೋನಿನ ವಿಷಯ ಎತ್ತಲಿಲ್ಲ. ಪೊಲೀಸರು ಯಾರಿಗೂ ಹೇಳಬೇಡಿ ಎಂದಿದ್ದರು. ಗುರುಪ್ರಸಾದ ಹುಳಿಯನ್ನವನ್ನು ಕಲಸಿದ್ದನ್ನೇ ಕಲಸುತ್ತಿದ್ದ.

"ಶನಿವಾರದ್ದು... ನಡೆಯುತ್ತಂತಾ?" ಎಂದ.

ವೇದವತಿಯ ಕೈಯಲ್ಲಿದ್ದ ಸೌಟು ನಿಂತಿತು. "ಯಾಕ್ರೀ ನಡೆಯಲ್ಲ?"

"ಸುಮ್ನೆ ಕೇಳ್ದೆ."

"ಆಫ್‌ಕೋರ್ಸ್ ನಡೆಯುತ್ತೆ ಅಪ್ಪಾ," ಎಂದಳು ಇಂದು. "ಯೂ ಹ್ಯಾವ್ ಟು ಕಮ್. ಲೊರೇನ್ ಆಂಟಿ ನಿಂಗೇಂತ ಫ್ರಂಟ್ ರೋ ಇಟ್ಟಿದಾರೆ."

"ಮೇ ತಿಂಗಳಲ್ಲಿ ಅರಂಗೇಟ್ರಂ ಇಟ್ಕೊಂಡು ಅಲ್ಲಿ ಹೋಗಿ ಸೊಂಟ ಕುಣಿಸಿದ್ರೆ, ಭರತನಾಟ್ಯದ ಅಂಗಶುದ್ಧಿ ಏನಾಗಬೇಕು?"

"ಸೊಂಟ ಎರಡರಲ್ಲೂ ಒಂದೇ ಅಪ್ಪಾ. ಐ ಓನ್ಲಿ ಹ್ಯಾವ್ ದಿ ಒನ್."

ವೇದವತಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವನ ಬಾಯನ್ನೇ ನೋಡುತ್ತಿದ್ದಳು. ಹುಳಿ ಬಿಸಿಯಿತ್ತು, ಅವನು ತುತ್ತಿಗೆ ಊದಿಕೊಂಡ. ಅವಳು ಎದ್ದು ಅಡಿಗೆಮನೆಗೆ ಹೋಗಿ ನೀರು ಬಿಟ್ಟಳು, ಸದ್ದಿಗೆ.

ಆ ಭಾನುವಾರ ನಮ್ಮ ಕನ್ನಡ ಕೂಟದ ಸಂಕ್ರಾಂತಿ. ಫೆಬ್ರವರಿಯಲ್ಲಿ ಎಂಥ ಸಂಕ್ರಾಂತಿ ಎನ್ನಬೇಡಿ. ಮಿಲ್ಪಿಟಾಸ್‌ನ ಶಾಲೆಯ ಹಾಲ್ ಯಾವತ್ತು ಸಿಗುತ್ತೋ ಅವತ್ತೇ ಸೂರ್ಯ ಪಥ ಬದಲಿಸುತ್ತಾನೆ. ವೇದವತಿ ಸಾಮಾನ್ಯವಾಗಿ ಎಳ್ಳು ಬೀರುವ ಕಡೆ ಇರುವವಳು. ಅವತ್ತು ಸ್ಪೀಕರಿನ ಪಕ್ಕದ ಕುರ್ಚಿ ಹಿಡಿದು ಕೂತಳು. ನಾನು ಕಿವಿ ಕೆಡುತ್ತೆ ಕಣೇ ಎಂದೆ. ಇರಲಿ ಎಂದಳು. ಆಗ ನನಗೆ ಕಾರಣ ತಿಳಿಯಲಿಲ್ಲ.

ನಮ್ಮವರು ಮೈಕ್ ಕಂಡರೆ ಏನು ಮಾಡುತ್ತಾರೆಂದು ನಿಮಗೆ ಗೊತ್ತು. ಮೊದಲು ಅಧ್ಯಕ್ಷ ವ್ಯಾಸರಾಜ ಬಂದರು. ಫೂ. ಒಂದೇ, ಅಧ್ಯಕ್ಷರ ಗಾತ್ರದ್ದು. ಆಮೇಲೆ ಖಜಾಂಚಿ, ಫು ಫು ಫು ಫು, ಉಳಿತಾಯದ ಸಣ್ಣ ಸಣ್ಣ ಊದು. ದಾವಣಗೆರೆಯ ಡಾಕ್ಟರು ಊದಿ, ಬೆರಳಿಂದ ತಟ್ಟಿ, ಮತ್ತೆ ಊದಿದರು, ರೋಗಿಯ ಎದೆ ಪರೀಕ್ಷೆ ಮಾಡಿದಂತೆ. ಹೀಗೆ ಮೈಕಾಸುರರು ಒಬ್ಬೊಬ್ಬರಾಗಿ ಬರುತ್ತಿದ್ದರೆ ಹಾಲೆಲ್ಲ ನಗುತ್ತಿತ್ತು. ವೇದವತಿ ಮಾತ್ರ ಕಣ್ಣು ಮುಚ್ಚಿ ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. ಇವನಿರಲಿ, ಇಲ್ಲಾ ಇವನಿರಲಿ, ಯಾರಾದರೂ ಇರಲಿ ಎಂದು ಹರಕೆ ಹೊತ್ತವಳಂತೆ. ಎರಡು ಗಿಡ್ಡ ಒಂದು ಉದ್ದ ಯಾರಿಂದಲೂ ಬರಲಿಲ್ಲ.

ಕೊನೆಗೆ ಪಾರ್ಕಿಂಗ್ ಲಾಟಿನಲ್ಲಿ ಯಾರದೋ ನೀಲಿ ಡಾಟ್ಸನ್ ಕಾರು ಅಡ್ಡ ನಿಂತಿದೆ ಎಂದು ಹೇಳಲು ಗುರುಪ್ರಸಾದ ಮೈಕಿನ ಹತ್ತಿರ ಹೋದ.

ಸ್ಪೀಕರಿನಿಂದ ಅದು ಅವಳ ಮುಖಕ್ಕೇ ಬಡಿಯಿತು.

ಊಟದ ಸಾಲಿನಲ್ಲಿ ವ್ಯಾಸರಾಜರು ಅವನ ಹೆಗಲ ಮೇಲೆ ಕೈ ಹಾಕಿ, "ಏನ್ರೀ ಗುರುಪ್ರಸಾದ್, ಮಗಳು ಈಗ ಕರಿಯರ ಜೊತೆ ಕುಣೀತಾಳಂತೆ? ಅರಂಗೇಟ್ರಂಗೆ ನಾವು ಬರಬೇಕೋ, ಇಲ್ಲ ಆ ಡೋಲಿನ ಹುಡುಗನ ಕಡೆಯೋರು ಬರ್ತಾರೋ?" ಎಂದರು. ಸುತ್ತಲಿನವರು ನಕ್ಕರು. ಗುರುಪ್ರಸಾದನೂ ನಕ್ಕ. ತಟ್ಟೆಯಲ್ಲಿದ್ದ ಸಿಹಿ ಪೊಂಗಲು ತಟ್ಟೆಯಲ್ಲೇ ಉಳಿಯಿತು.

ಎರಡನೆಯ ಕರೆ ಬಂದದ್ದು ಮರುದಿನ, ಊಟದ ಹೊತ್ತಿನಲ್ಲೇ. ತೆಗೆದುಕೊಂಡವಳು ಲೊರೇನ್. ವೇದವತಿ ಊಟ ಮುಗಿಸಿ ಕೆಳಗಿಳಿದು ಬಂದಾಗ ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಈ ಸಲ ನನಗೇ ಹೇಳಿದ, ವೇದಾ. ನನ್ನನ್ನ ಒಂದು ಹೆಸರಿಟ್ಟು ಕರೆದ. ಬೇಡ ಬಿಡು, ಆ ಹೆಸರು ನಿನಗೆ ಬೇಡ."

"ದನಿ ಹೇಗಿತ್ತು?"

"ದನಿ ಬಿಡು. ಮೊದಲು ಊದಿದ. ಬಿಸಿ ಸೂಪ್ ಆರಿಸಿಕೊಳ್ಳೋ ಹಾಗೆ. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ಕೂತಿದೀನಿ, ಹಾಗೆ ಯಾರೂ ಮಾಡಿದ್ದಿಲ್ಲ. ಯಾರಪ್ಪಾ ಅದು, ಬೆದರಿಸೋಕೆ ಮುಂಚೆ ಊದೋನು?"

ವೇದವತಿ ತನ್ನ ಕುರ್ಚಿಯಲ್ಲಿ ಕೂತಳು. ಆಗ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಹೆಂಡತಿ ಬೋರ್ಡಿನಲ್ಲಿ ಇಲ್ಲದ ಹೊತ್ತು ನೋಡಿ ಅವನು ಫೋನ್ ಮಾಡುತ್ತಿದ್ದಾನೆ. ಅಂದರೆ ಲೊರೇನ್ ಒಬ್ಬಳೇ ಇರುವ ಹೊತ್ತು. ಅಂದರೆ ಈ ಮಾತು ಯಾರ ಕಿವಿಗೆ ಬೀಳುತ್ತೆಂದು ಗೊತ್ತಿದ್ದೇ ಮಾಡುತ್ತಿದ್ದಾನೆ.

"ನಾನು ಸಣ್ಣವಳಿದ್ದಾಗ," ಎಂದಳು ಲೊರೇನ್, "ನನ್ನಪ್ಪ ಬಿಳಿಯರ ಬೀದಿಯಲ್ಲಿ ಒಂದು ಮನೆ ತಗೊಂಡ. ಆಗಲೂ ಹೀಗೇ ಫೋನ್ ಬರ್ತಿತ್ತು. ಫೋನ್ ಮಾಡೋರು ಹೇಡಿಗಳು, ಬರೋರು ಹೇಳಿ ಬರಲ್ಲ ಅಂತಿದ್ದ ಅಪ್ಪ. ನಾವೂ ನಂಬಿದ್ವಿ. ಒಂದು ಸಂಜೆ ಕಿಟಕಿಯಿಂದ ಕಲ್ಲು ಬಂತು. ಕೆಳಗೆ ತೊಟ್ಟಿಲಿತ್ತು. ತಮ್ಮನ ಒಂದು ಕಣ್ಣು ಹೋಯ್ತು. ಈಗ ತಾನೇ ಡೀನ್ ಆಫೀಸಿನೋರು ಬಂದಿದ್ರು. ಇನ್ನೊಂದು ಕರೆ ಬಂದ್ರೆ ಕಾರ್ಯಕ್ರಮ ರದ್ದಂತೆ. ಜನ ಒಳಗೆ ಕೂತಿದ್ರೂ ಅಲಾರ್ಮ್ ಒತ್ತಿ ಎಲ್ಲಾರನ್ನೂ ಹೊರಗೆ ಹಾಕ್ತಾರಂತೆ. ನಮ್ಮ ಚರ್ಚಿನ ಮುದುಕಿಯರು, ಆ ಬಾಲ್ಕನಿ, ಇಳಿಯೋಕೆ ಇರೋದು ಒಂದೇ ಮೆಟ್ಟಿಲ ಸಾಲು. ಬಾಂಬ್ ಬೇಕಾಗೇ ಇಲ್ಲ ಕಣೇ."

ಹೇಳಬೇಕಾದ ಹೊತ್ತು ಅದೇ. ವೇದವತಿಗೂ ಅದು ಗೊತ್ತಿತ್ತು. ಹೇಳಿದರೆ ಗಂಡನಿಗೆ ಕೈಕೋಳ, ಕೆಲಸ ಹೋಗುತ್ತೆ, ಏಪ್ರಿಲ್‌ನಲ್ಲಿದ್ದ ಸಿಟಿಜನ್‌ಶಿಪ್ ಪ್ರಮಾಣವಚನ ಹೋಗುತ್ತೆ, ಇಂದುವಿನ ಮುಖಕ್ಕೆ ಜೀವಮಾನವಿಡೀ ಅಂಟುವ ಹೆಸರು. ಹೇಳದಿದ್ದರೆ ಪಕ್ಕದ ಕುರ್ಚಿಯವಳು ಹೀಗೇ ಮಡಿಲಲ್ಲಿ ಕೈಯಿಟ್ಟು ಕೂತಿರುತ್ತಾಳೆ. ಮನೆಯಲ್ಲೇ ಮುಗಿಸಿಬಿಡುತ್ತೇನೆ ಎಂದುಕೊಂಡಳು. ಸಂಸಾರಸ್ಥರು ಅಂದುಕೊಳ್ಳುವುದೇ ಅದನ್ನು.

ಸಂಜೆ ಇಂದು ಪ್ರಾಕ್ಟೀಸಿಗೆ ಹೋಗಿದ್ದಳು. ಗಂಡ ಹೆಂಡತಿ ಇಬ್ಬರೇ.

"ಆಫೀಸಿಗೆ ಯಾರೋ ಬಾಂಬ್ ಅಂತ ಫೋನ್ ಮಾಡ್ತಿದಾನೆ ರೀ," ಎಂದಳು, ಹುರುಳಿಕಾಯಿ ಸೋಸುತ್ತ.

"ಹೌದಾ."

"ಸಿಕ್ಕಿದ್ರೆ ಜೈಲಂತೆ."

"ಯಾರೋ ಪೋಲಿ ಹುಡುಗರು ಇರ್ತಾರೆ ಬಿಡು." ಪೇಪರ್ ಮಡಿಸಿದ. "ನಮ್ ಕಾಲೇಜಲ್ಲೂ ಮಾಡಿದ್ವಿ. ಕೆಮಿಸ್ಟ್ರಿ ಪರೀಕ್ಷೆ ದಿನ, ಹಾಲ್‌ನಲ್ಲಿ ಬಾಂಬಿದೆ ಅಂತ ಪ್ರಿನ್ಸಿಪಾಲ್‌ಗೆ ಯಾರೋ ಫೋನ್ ಹೊಡೆದ. ಏನಾಯ್ತು? ಪರೀಕ್ಷೆ ಮುಂದಕ್ಕೆ ಹೋಯ್ತು, ಎಲ್ಲಾರೂ ಮಸಾಲೆ ದೋಸೆ ತಿಂದ್ವಿ. ಯಾರ ಕೂದಲೂ ಕೊಂಕಲಿಲ್ಲ."

"ಇದು ಬೆಂಗಳೂರಲ್ಲ. ಇಲ್ಲಿ ಆ ಜನಕ್ಕೆ ನಿಜವಾದ ಬಾಂಬ್ ಇಟ್ಟಿದಾರೆ. ಚರ್ಚಿಗೆ, ಮನೆಗೆ. ಅವರಿಗೆ ಫೋನ್ ಅಂದ್ರೆ ತಮಾಷೆ ಅಲ್ಲ. ಲೊರೇನ್ ನಡುಗ್ತಿದ್ಲು ಇವತ್ತು."

ಅವನು ಕಿಟಕಿಯ ಕಡೆ ನೋಡಿದ. "ಅವಳ್ಯಾಕೆ ನಡುಗಬೇಕು. ಏನೂ ಆಗಲ್ಲ."

"ಇನ್ನೊಂದು ಫೋನ್ ಬಂದ್ರೆ ಪ್ರೋಗ್ರಾಮೇ ಕ್ಯಾನ್ಸಲ್ ಅಂತ ಡೀನ್ ಹೇಳಿದಾರಂತೆ, ಗೊತ್ತಾ? ಅಷ್ಟು ದೂರ ಬಂದಿದೆ."

"ಇನ್ನೊಂದೇ ಸಾಕಂತಾ?" ಎಂದ ಗುರುಪ್ರಸಾದ.

ಹುರುಳಿಕಾಯಿ ಮುರಿಯುವುದನ್ನು ಅವಳು ನಿಲ್ಲಿಸಿದಳು. ಹೆದರಿಸಿ ನಿಲ್ಲಿಸೋಣವೆಂದು ಆಡಿದ ಮಾತು ಅವನಿಗೆ ದಾರಿ ಹೇಳಿಕೊಟ್ಟಿತ್ತು. ನೀವೇ ಅಲ್ವಾ ಎಂದು ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು, ಡೆರಿಕ್‌ನ ನಗು, ಇಂದುವಿನ ನಗು. ಗುರುಪ್ರಸಾದನ ಮುಖ ಮುಚ್ಚಿದ ಬಾಗಿಲಾಯಿತು.

ಆ ವಾರವಿಡೀ ಮತ್ತೆ ಫೋನ್ ಬರಲಿಲ್ಲ, ವೇದವತಿಯೂ ಮತ್ತೆ ಕೇಳಲಿಲ್ಲ. ಶನಿವಾರ ಬೆಳಿಗ್ಗೆ ಅವನಿಗೆ ತಲೆನೋವು. ಬರಲ್ಲ ಎಂದ. ವೇದವತಿ ರೇಷ್ಮೆ ಸೀರೆ ಉಟ್ಟು, ಮೇಲೆ ಕೋಟು ಹಾಕಿ, ಬಾಗಿಲಲ್ಲಿ ನಿಂತು ಹೇಳಿದಳು: "ನೋಡಿ, ಇಂದು ಸ್ಟೇಜ್ ಮೇಲಿರ್ತಾಳೆ. ನಾನು ಮುಂದಿನ ಸಾಲಲ್ಲಿ. ಏನಾದ್ರೂ ಆದ್ರೆ ಇಬ್ರಿಗೂ ಆಗುತ್ತೆ."

"ಏನೂ ಆಗಲ್ಲ ವೇದಾ," ಎಂದ. ತುಂಬ ಮೃದುವಾಗಿ ಹೇಳಿದ. ಏನೂ ಆಗುವುದಿಲ್ಲವೆಂದು ಅಷ್ಟು ಖಚಿತವಾಗಿ ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿರಲು ಸಾಧ್ಯ.

ಕ್ಯಾಂಪಸ್ಸಿಗೆ ಹೋದರೆ ಶನಿವಾರದ ಆಪರೇಟರ್ ಹುಷಾರಿಲ್ಲವೆಂದು ಬಂದಿರಲಿಲ್ಲ. ಬೋರ್ಡನ್ನು ಖಾಲಿ ಬಿಡುವ ಹಾಗಿಲ್ಲ, ಅದರಲ್ಲೂ ಅವತ್ತು. ಲೊರೇನ್ ಹಾಡಿನ ನೇರಳೆ ನಿಲುವಂಗಿಯಲ್ಲೇ ಬಂದು ಕುರ್ಚಿ ಎಳೆದು ಕೂರಲು ಹೊರಟಿದ್ದಳು.

"ಏಳು," ಎಂದಳು ವೇದವತಿ. "ನೀನು ಹಾಡಬೇಕು."

"ನಿನ್ನ ಮಗಳು ಕುಣೀತಾಳೆ ಕಣೇ."

"ಮನೆಯಲ್ಲಿ ದಿನಾ ನೋಡ್ತೀನಿ. ಏಳು ಅಂದೆ."

ಲೊರೇನ್ ಅವಳ ಕೆನ್ನೆಗೊಂದು ಮುತ್ತು ಕೊಟ್ಟು ಮೇಲೆ ಹೋದಳು. ಆಫೀಸರ್ ಸಿಲ್ವೇರಾ ಅವಳ ಖಾಲಿ ಕುರ್ಚಿಯಲ್ಲಿ ಕೂತು ಎರಡನೆಯ ಹೆಡ್‌ಫೋನ್ ತಲೆಗೇರಿಸಿಕೊಂಡ. ಬೆಳಿಗ್ಗೆಯೇ ನಾಯಿಗಳನ್ನು ತಂದು ಹಾಲೆಲ್ಲ ಮೂಸಿಸಿ ಆಗಿತ್ತು. ಆದರೂ ಅವನ ವಾಕಿಟಾಕಿ ಮೇಜಿನ ಮೇಲೆ ಕೈಗೆ ಸಿಗುವ ಹಾಗಿತ್ತು. "ಬಂದ್ರೆ ಮಾತಾಡಿಸ್ತಾ ಇರಿ ಮ್ಯಾಮ್. ನಾನು ಮೇಲಿನೋರಿಗೆ ಹೇಳ್ತೀನಿ, ಅಲಾರ್ಮ್ ಒತ್ತುತಾರೆ."

ಮೇಲಿನ ಹಾಡು ಪೈಪುಗಳ ಮೂಲಕ ಇಳಿದು ಬರುತ್ತಿತ್ತು, ಪದಗಳಿಲ್ಲದೆ, ಗುಂಗು ಮಾತ್ರ. ಹಾಡು ನಿಂತಿತು. ಚಪ್ಪಾಳೆ. ಆಮೇಲೆ ಡೋಲು. ಇಂದು ಈಗ ಕುಣಿಯುತ್ತಿದ್ದಾಳೆ ಎಂದು ವೇದವತಿ ಲೆಕ್ಕ ಹಾಕಿದಳು. ಈ ಹೊತ್ತು ಅವನಿಗೂ ಗೊತ್ತು. ಇಂದು ಮನೆಯಲ್ಲಿ ನೂರು ಸಲ ಹೇಳಿದ್ದಳು.

ದೀಪ ಮಿಣುಕಿತು. ಗುಂಡಿ ಒತ್ತಿದಳು.

ಉಸಿರು ಬಂತು. ಸಿಲ್ವೇರಾ ಹುಬ್ಬೇರಿಸಿದ. ಆ ಕಡೆಯವನು ಬಟ್ಟೆಯ ಹಿಂದಿನಿಂದ ಮೊದಲ ಪದ ಆಡುವಷ್ಟರಲ್ಲಿ ಸಿಲ್ವೇರಾನ ಕೈ ವಾಕಿಟಾಕಿಯ ಮೇಲಿತ್ತು.

"ರೀ. ಸಾಕು," ಎಂದಳು ವೇದವತಿ ಕನ್ನಡದಲ್ಲಿ.

ಆ ಕಡೆಯವನು ಫೋನ್ ಇಡಲಿಲ್ಲ. ಈಗ ಬಟ್ಟೆಯಿಲ್ಲದ ದನಿ: "ನೀನು... ಒಳಗೆ ಕೂತಿಲ್ವಾ?"

"ಇಲ್ಲೇ ಇದೀನಿ. ಪಕ್ಕದಲ್ಲಿ ಪೊಲೀಸು. ಕೇಳಿಸ್ಕೋತಿದಾರೆ."

"ಯಾವ ಭಾಷೆ ಅದು? ಯಾರು?" ಎಂದ ಸಿಲ್ವೇರಾ.

"ನನ್ನ ಗಂಡ," ಎಂದಳು. ಅವಳ ಇಂಗ್ಲಿಷ್ ಕೊಂಚವೂ ಅಲುಗಲಿಲ್ಲ. "ಹೆಸರು ಗುರುಪ್ರಸಾದ್. ಬಾಂಬ್ ಇಲ್ಲ. ಯಾವತ್ತೂ ಇರಲಿಲ್ಲ. ಮೊದಲೆರಡು ಫೋನೂ ಇವರದೇ. ನಮ್ಮ ಮಗಳು ಮೇಲೆ ಕುಣೀತಿದಾಳೆ, ಅದು ನಿಲ್ಲಲಿ ಅಂತ. ದಯವಿಟ್ಟು ಅಲಾರ್ಮ್ ಬೇಡ, ಬಾಲ್ಕನಿಯಲ್ಲಿ ವಯಸ್ಸಾದವರಿದಾರೆ."

ಸಿಲ್ವೇರಾ ಅವಳ ಮುಖ ನೋಡಿದ. "ಗಂಡನ್ನ ಉಳಿಸೋಕೆ ಕಥೆ ಕಟ್ತಿದೀರಾ?"

"ಉಳಿಸೋದಾಗಿದ್ರೆ ಹೆಸರು ಹೇಳ್ತಿದ್ನಾ?"

ಅವನು ಹೆಡ್‌ಫೋನಿನ ಮೈಕನ್ನು ತನ್ನ ಬಾಯಿಗೆ ತಿರುಗಿಸಿಕೊಂಡು, "ಸರ್, ಹಾಲ್‌ನಲ್ಲಿ ಏನಾದ್ರೂ ಇಟ್ಟಿದೀರಾ?" ಎಂದ.

ಕೌಬಾಯ್ ಇಂಗ್ಲಿಷ್ ಎಲ್ಲಿಗೋ ಓಡಿಹೋಗಿತ್ತು. "ಸರ್... ನೋ ಸರ್. ನಥಿಂಗ್ ಸರ್. ಅಯಾಮ್ ದಿ ಫಾದರ್, ಸರ್." ಅಷ್ಟು ಹೇಳಿ ಗುರುಪ್ರಸಾದ ಅಳತೊಡಗಿದ. ಅವನು ಅತ್ತಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಸಿಲ್ವೇರಾ ವಾಕಿಟಾಕಿಯಲ್ಲಿ ಮೇಲಿನವರಿಗೆ ನಡೆಯಲಿ ಎಂದ. ಆಮೇಲೆ ಫ್ರೀಮಾಂಟಿನ ಪೊಲೀಸರಿಗೆ ಹೇಳಿದ, ಮನೆಯ ವಿಳಾಸ ವೇದವತಿಯೇ ಕೊಟ್ಟಳು. "ಅವರು ಅಲ್ಲಿಗೆ ಮುಟ್ಟೋವರೆಗೆ ಫೋನ್ ಇಡೋಕೆ ಬಿಡಬೇಡಿ," ಎಂದ. ದನಿ ಈಗಲೂ ಮೆತ್ತಗೇ ಇತ್ತು.

ಹಾಗಾಗಿ ಅವಳು ಮಾತಾಡಿದಳು. ಏನು ಮಾತಾಡುವುದು? ಬೈಯಲು ಅವಳಿಗೆ ಉಸಿರಿರಲಿಲ್ಲ.

"ಬಾಗಿಲ ಹತ್ರ ಶೂ ಇದೆ ನೋಡಿ. ಅದನ್ನ ಹಾಕ್ಕೊಳ್ಳಿ. ಚಪ್ಪಲಿ ಬೇಡ."

"ಹಾಕ್ಕೋತೀನಿ."

"ಬೂದು ಸ್ವೆಟರ್ ಹಾಕ್ಕೊಳ್ಳಿ, ಅಲ್ಲಿ ಚಳಿ ಇರಬಹುದು. ಬೀಪಿ ಮಾತ್ರೆ ಜೇಬಲ್ಲಿಟ್ಕೊಳ್ಳಿ. ಯಾವಾಗ ತಗೋಬೇಕು ಅಂತ ಅವರಿಗೆ ಹೇಳಿ."

"ಹೇಳ್ತೀನಿ. ವೇದಾ, ಎಲ್ಲಾ ನಕ್ಕರು ಕಣೇ. ವ್ಯಾಸರಾಜ ನಕ್ಕ. ನಾನು ಏನು ಮಾಡಬೇಕಿತ್ತು?"

"ಕೈ ಎರಡೂ ಕಾಣೋ ಹಾಗೆ ಇಟ್ಕೊಳ್ಳಿ. ಬಾಗಿಲು ತೆಗೆದ ಮೇಲೆ ಜೇಬಿಗೆ ಕೈ ಹಾಕಬೇಡಿ. ಇಲ್ಲಿ ಪೊಲೀಸರು ಅದಕ್ಕೇ ಹೆದರ್ತಾರೆ."

"ಇಂದುಗೆ ಗೊತ್ತಾ?"

"ಇಲ್ಲ. ಕುಣೀತಿದಾಳೆ."

ಲೈನಿನಲ್ಲಿ ಅವರ ಮನೆಯ ಕರೆಗಂಟೆ ಕೇಳಿಸಿತು. ಮತ್ತೆ ಕೇಳಿಸಿತು.

"ತೆಗೀಲಾ?" ಎಂದ ಗುರುಪ್ರಸಾದ.

"ತೆಗೀರಿ."

ಅದರ ಮುಂದಿನ ಕಥೆಯನ್ನು ನಮ್ಮ ಕೂಟದವರು ಬಾಯಿಪಾಠ ಹೇಳುತ್ತಾರೆ. ಕೋರ್ಟು, ಜೈಲಿನ ಬದಲು ಪ್ರೊಬೇಶನ್ ಎಂಬ ಮೇಲ್ವಿಚಾರಣೆಯ ಶಿಕ್ಷೆ, ಮಿಲ್ಪಿಟಾಸ್‌ನ ಕೆಲಸ ಹೋಗಿದ್ದು, ಮನೆ ಮಾರಿ ಮಾರ್ಗನ್ ಹಿಲ್‌ಗೆ ಹೋಗಿದ್ದು. ಹೆಂಡತಿಯೇ ಗಂಡನನ್ನು ಹಿಡಿದುಕೊಟ್ಟಳೆಂದು ತುಪ್ಪ ಬಡಿಸುತ್ತಲೇ ಹೇಳುವ ಹೆಂಗಸರನ್ನು ನಾನೇ ಕಂಡಿದ್ದೇನೆ. ವ್ಯಾಸರಾಜರು ಮುಂದಿನ ವರ್ಷವೂ ಅಧ್ಯಕ್ಷರಾದರು. ಯಾರೂ ಹೇಳದೆ ಬಿಡುವುದು ಆ ಮಧ್ಯಾಹ್ನ ನೆಲಮಾಳಿಗೆಯಲ್ಲಿ ಉಳಿದ ಸ್ವಲ್ಪ ಹೊತ್ತನ್ನು.

ಕಾರ್ಯಕ್ರಮ ಮುಗಿದು ಲೊರೇನ್ ನಿಲುವಂಗಿ ಎತ್ತಿಕೊಂಡು ಮೆಟ್ಟಿಲಿಳಿದು ಬಂದಳು. ಮುಖ ಬೆವರಿ ಹೊಳೆಯುತ್ತಿತ್ತು. "ನಿನ್ನ ಹುಡುಗಿ ಇಡೀ ಹಾಲನ್ನೇ ಎಬ್ಬಿಸಿಬಿಟ್ಲು ಕಣೇ! ಮುದುಕಿಯರೆಲ್ಲ ಎದ್ದು ಕುಣಿದ್ರು! ಫೋನ್ ಬರಲಿಲ್ಲ ನೋಡು, ನಾನು ಹೇಳಲಿಲ್ವಾ?" ಎಂದವಳು ಸಿಲ್ವೇರಾನನ್ನು ನೋಡಿ ನಿಂತಳು. ಅವನು ಟೋಪಿ ಕೈಗೆ ತೆಗೆದುಕೊಂಡು, ನಾಲ್ಕು ಮಾತಿನಲ್ಲಿ ಹೇಳಿ, ಹೊರಗೆ ಹೋದ.

ಲೊರೇನ್ ನಿಂತೇ ಕೇಳಿದಳು.

"ಯಾವತ್ತು ಗೊತ್ತಾಯ್ತು ನಿನಗೆ?"

ಇವತ್ತು ಎಂದು ಹೇಳಬಹುದಿತ್ತು. ನಂಬುತ್ತಿದ್ದಳು.

"ಮೊದಲನೇ ದಿನ," ಎಂದಳು ವೇದವತಿ.

"ನಾನು ಸೂಪ್ ಅಂದಾಗ ಗೊತ್ತಿತ್ತು."

"ಗೊತ್ತಿತ್ತು."

"ನನ್ನ ತಮ್ಮನ ಕಣ್ಣಿನ ವಿಷಯ ಹೇಳಿದಾಗ."

"ಆಗಲೂ."

ಬೋರ್ಡಿನಲ್ಲಿ ದೀಪ ಮಿಣುಕಿತು. ಇನ್ನೊಂದು ಮಿಣುಕಿತು. ಲೊರೇನ್ ನಿಲುವಂಗಿಯ ತೋಳು ಮಡಿಸಿ, ತನ್ನ ಕುರ್ಚಿಯನ್ನು ಬೋರ್ಡಿನ ಆ ತುದಿಗೆ ಎಳೆದುಕೊಂಡು ಕೂತು, ಹೆಡ್‌ಫೋನ್ ಹಾಕಿಕೊಂಡಳು. "ಗುಡ್ ಆಫ್ಟರ್‌ನೂನ್," ಎಂದಳು ಯಾರಿಗೋ, ನಡುಗದ ದನಿಯಲ್ಲಿ. ವೇದವತಿಯ ಕಡೆ ತಿರುಗದೆಯೇ ಬಾಗಿಲಿನತ್ತ ಕೈ ತೋರಿದಳು.

ಮೆಟ್ಟಿಲ ಮೇಲೆ ಗೆಜ್ಜೆಯ ಸದ್ದು ಕೇಳುತ್ತಿತ್ತು. ಇಂದು ಅಮ್ಮನನ್ನು ಹುಡುಕಿಕೊಂಡು ಓಡಿ ಬರುತ್ತಿದ್ದಳು. ಅವಳು ಕೆಳಗೆ ಮುಟ್ಟುವ ಮುಂಚೆ ಹೇಳಿಬಿಡಬೇಕೆಂದು ವೇದವತಿ ಕೋಟು ಹಾಕಿಕೊಳ್ಳದೆಯೇ ಎದ್ದು ಹೊರಗೆ ಹೋದಳು.